ಕಂಬರ್ಲೆಂಡ್ ಗ್ಯಾಪ್‌ನ ಹೆದ್ದಾರಿಯನ್ನು ಕಿತ್ತು ಹಳೆಯ ಹಾದಿಯನ್ನು ಏಕೆ ಮರಳಿ ರೂಪಿಸಿದರು?

ಸುರಕ್ಷತೆ ಮತ್ತು ಇತಿಹಾಸ, ಇವೆರಡೇ ಕಾರಣ. ಅಮೆರಿಕದ ಅಪಲಾಚಿಯನ್ ಬೆಟ್ಟಸಾಲಿನಲ್ಲಿ ಕೆಂಟಕಿ, ವರ್ಜೀನಿಯಾ, ಟೆನೆಸಿ ರಾಜ್ಯಗಳು ಕೂಡುವೆಡೆಯ ಈ ಕಣಿವೆದಾರಿಯಲ್ಲಿದ್ದ ಕಡಿದಾದ, ತಿರುವುಗಳಿಂದ ತುಂಬಿದ ಹೆದ್ದಾರಿಯು ಅಪಘಾತಗಳಿಗೆ ಕುಖ್ಯಾತವಾಗಿತ್ತು. 1996ರಲ್ಲಿ ಬೆಟ್ಟದೊಳಗೆ ಸುಮಾರು 1.4 ಕಿಲೋಮೀಟರ್ ಉದ್ದದ ಜೋಡಿ ಸುರಂಗ ತೆರೆದ ಮೇಲೆ ಮೇಲಿನ ರಸ್ತೆಯ ಅಗತ್ಯವೇ ಉಳಿಯಲಿಲ್ಲ.

ಆ ಹಾದಿಗೆ ಅಷ್ಟು ಬೆಲೆ ಬಂದದ್ದು ನೆಲದ ರಚನೆಯಿಂದ. ಗೋಡೆಯಂತೆ ಉದ್ದಕ್ಕೆ ಚಾಚಿದ ಬೆಟ್ಟದಲ್ಲಿ ಸ್ತರಭಂಗದಿಂದ, ಅಂದರೆ ನೆಲದಾಳದ ಬಿರುಕಿನ ಉದ್ದಕ್ಕೂ ಬಂಡೆ ಸರಿದದ್ದರಿಂದ, ಒಂದೆಡೆ ಕಲ್ಲು ಜರ್ಜರಿತವಾಗಿತ್ತು; ಪುರಾತನ ತೊರೆಯೊಂದು ಅಲ್ಲೇ ಕೊರೆದು, ಮುಂದೆ ಬೇರೆ ದಿಕ್ಕಿಗೆ ಹರಿದುಹೋದಾಗ, ನೀರಿಲ್ಲದ ತಗ್ಗು ಮಾತ್ರ ಉಳಿಯಿತು. ಕಾಡುಪ್ರಾಣಿಗಳೂ ಮೂಲನಿವಾಸಿಗಳೂ ಅದನ್ನು ಬಹು ಹಿಂದೆಯೇ ಬಳಸುತ್ತಿದ್ದರು. ಆದ್ದರಿಂದ ಯುರೋಪ್ ಮೂಲದ ವಲಸಿಗರು ಈ ದಾರಿಯನ್ನು ‘ಕಂಡುಹಿಡಿದರು’ ಎನ್ನುವುದು ನನಗೆ ಒಪ್ಪಿಗೆಯಿಲ್ಲ. 1775ರಲ್ಲಿ ಬೇಟೆಗಾರನೂ ದಾರಿಶೋಧಕನೂ ಆಗಿದ್ದ ಡೇನಿಯಲ್ ಬೂನ್ ಮತ್ತು ಸಂಗಡಿಗರು ಮರ ಕಡಿದು ದಾರಿ ಗುರುತಿಸಿದ ಬಳಿಕ, 1810ರ ಹೊತ್ತಿಗೆ ಎರಡು ಲಕ್ಷಕ್ಕೂ ಹೆಚ್ಚು ಜನ ಇಲ್ಲಿಂದ ಪಶ್ಚಿಮಕ್ಕೆ ದಾಟಿದರೆಂದು ಅಂದಾಜು.

ಈ ಪ್ರದೇಶವನ್ನು ರಾಷ್ಟ್ರೀಯ ಐತಿಹಾಸಿಕ ಉದ್ಯಾನವನ್ನಾಗಿಸಲು 1940ರಲ್ಲೇ ಕಾನೂನು ಬಂದಿತ್ತಾದರೂ, ವಾಹನಗಳ ಓಡಾಟ ನಿಂತ ನಂತರವಷ್ಟೇ ಡಾಂಬರನ್ನು ಕಿತ್ತು, ರಸ್ತೆಗಾಗಿ ಕಡಿದಿದ್ದ ಇಳಿಜಾರನ್ನು ಮೊದಲಿನಂತೆ ಮಣ್ಣಿನಿಂದ ತುಂಬಿ, ಸ್ಥಳೀಯ ಜಾತಿಯ ಮರಗಳನ್ನು ನೆಟ್ಟು, ವಲಸೆಯ ಕಾಲದ ಬಂಡಿದಾರಿಯನ್ನು ಹೋಲುವ ಕಾಲುಹಾದಿಯನ್ನು ರೂಪಿಸಲಾಯಿತು.