ಅಪ್ಪನಿಗೆ ಕಿವಿ ಮಂದ ಆಗಿದೆ, ನೇರವಾಗಿ ಮಷಿನ್ ತರಬಹುದಾ?

ಅಪ್ಪನಿಗೆ 68 ವರ್ಷ, ಟಿವಿ ಸೌಂಡ್ ಜಾಸ್ತಿ ಇಡುತ್ತಾರೆ, ಅಂಗಡಿಯಿಂದ ಕಿವಿ ಮಷಿನ್ ತಂದುಕೊಟ್ಟರೆ ಸಾಕಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಿ. ಎಷ್ಟೋ ಸಲ ಬರೀ ಗುಗ್ಗೆ ಕಟ್ಟಿಕೊಂಡಿರುತ್ತದೆ. ಪಿನ್ನು, ಬಿಸಿ ಎಣ್ಣೆ ಮಾತ್ರ ಬೇಡವೇ ಬೇಡ.

ಗುಗ್ಗೆ ಇಲ್ಲ ಅಂದರೆ ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ನೋಡುವ ತಜ್ಞರು, ಪರೀಕ್ಷೆ ಮಾಡುತ್ತಾರೆ. ಹೊರಗಿನ ಸದ್ದು ಬರದ ಚಿಕ್ಕ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, 250ರಿಂದ 8000 ಹರ್ಟ್ಜ್‌ವರೆಗಿನ, ಅಂದರೆ ದಪ್ಪ ದನಿಯಿಂದ ಕೀಚಲು ದನಿವರೆಗಿನ ಸದ್ದು ಕೇಳಿಸುತ್ತಾರೆ. ಕೇಳಿದಾಗಲೆಲ್ಲ ಬೆರಳೆತ್ತಬೇಕು. ಆಮೇಲೆ ಕಿವಿ ಹಿಂದಿನ ಮೂಳೆಗೆ ಪುಟ್ಟ ಯಂತ್ರ ಒತ್ತಿಟ್ಟು ಮತ್ತೆ ನೋಡುತ್ತಾರೆ. ತೊಂದರೆ ಹೊರಗಿನ, ನಡುವಿನ ಕಿವಿಯಲ್ಲಿದೆಯೋ ಅಥವಾ ಒಳಗಿವಿ, ನರದಲ್ಲಿದೆಯೋ ಅಂತ ಆಗ ಗೊತ್ತಾಗುತ್ತದೆ. ಒಂಚೂರೂ ನೋವಿಲ್ಲ.

ವಯಸ್ಸಾದವರಿಗೆ ಸಾಮಾನ್ಯವಾಗಿ ಮೊದಲು ಹೋಗುವುದು ಕೀಚಲು ಸದ್ದುಗಳು. ಸ, ಶ, ತ ಜಾರಿಹೋಗುತ್ತವೆ. ನೀವು "ಸಾರು" ಅಂದರೆ ಅವರಿಗೆ "ಯಾರು" ಅಂತ ಕೇಳಿಸಬಹುದು. "ಕೇಳಿಸುತ್ತೆ, ಏನಂದಿರೋ ತಿಳಿಯಲ್ಲ" ಅನ್ನುತ್ತಾರೆ, ಅಲ್ವಾ? ಎಲ್ಲ ಸದ್ದನ್ನೂ ಸುಮ್ನೆ ಒಂದೇ ಸಮ ಜೋರು ಮಾಡುವ ಮಷಿನ್ ಇದಕ್ಕೆ ಉಪಯೋಗವಿಲ್ಲ, ವಾರದಲ್ಲಿ ಬೀರು ಸೇರುತ್ತದೆ. ಅವರ ಆಡಿಯೋಗ್ರಾಂಗೆ (ಆ ಪರೀಕ್ಷೆಯ ಫಲಿತಾಂಶದ ನಕ್ಷೆ) ತಕ್ಕ ಹಾಗೆ ಸೆಟ್ ಮಾಡಿಸಲೇಬೇಕು. ಮೊದಮೊದಲು ತಟ್ಟೆ ಲೋಟದ ಸದ್ದೂ ಕಿರಿಕಿರಿ ಅನಿಸುತ್ತದೆ. ದಿನಕ್ಕೆ ಒಂದೆರಡು ಗಂಟೆಯಿಂದ ಶುರು ಮಾಡಿಸಿ, ಪಕ್ಕದಲ್ಲಿ ಕೂತು ಮಾತಾಡಿ.

ಮೈಸೂರು ಕಡೆಯವರಾದರೆ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕೇಂದ್ರ ಸರ್ಕಾರದ್ದು, 1965ರಲ್ಲಿ ಶುರುವಾಗಿದ್ದು.

ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಮಾತ್ರ ಕಾಯಬೇಡಿ, ಅದೇ ದಿನ ಡಾಕ್ಟರ್ ಹತ್ತಿರ ಓಡಿ.