ಮನೆಯ ಪಕ್ಕ ಮೋಟಾರ್‌ಹೋಂ ನಿಲ್ಲಿಸಲು ಎಂಥ ನೆಲ ಬೇಕು?

ಪ್ರಶ್ನೆ: ಹೋದ ತಿಂಗಳು ಒಂದು ಮೋಟಾರ್‌ಹೋಂ, ಅಂದರೆ ಒಳಗೇ ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಗಾಡಿ, ಕೊಂಡೆವು. ಉದ್ದ ಆರೂವರೆ ಮೀಟರ್, ಸಾಮಾನು ತುಂಬಿದರೆ 3.5 ಟನ್. ಮನೆಯ ಪಕ್ಕ 8 ಮೀಟರ್ ಉದ್ದದ ಜಾಗವಿದೆ. ಜೇಡಿಮಣ್ಣು, ಮಳೆ ಬಂದರೆ ಕಾಲು ಹೂತುಹೋಗುತ್ತದೆ. ಮೇಸ್ತ್ರಿ ಇಂಟರ್‌ಲಾಕ್ ಹಾಕಿಸಿ ಅನ್ನುತ್ತಾರೆ, ಯಜಮಾನರು ಪೂರ್ತಿ ಕಾಂಕ್ರೀಟ್ ಅನ್ನುತ್ತಾರೆ, ಮಗಳು ಹುಲ್ಲಿನ ಮೇಲೇ ನಿಲ್ಲಿಸೋಣ ಅನ್ನುತ್ತಾಳೆ. ಗಾಡಿ ಹೊರಡುವುದು ವರ್ಷಕ್ಕೆ ನಾಲ್ಕೈದು ಸಲ ಮಾತ್ರ. ಏನು ಮಾಡಲಿ?

ಉತ್ತರ: ಮೊದಲು ಮಗಳಿಗೆ ಹೇಳಿಬಿಡುತ್ತೇನೆ, ಯಾಕೆಂದರೆ ನಾನೂ ಅದನ್ನೇ ಮಾಡಿದ್ದೆ. ಮಳೆಗಾಲದ ನಾಲ್ಕು ತಿಂಗಳು ನಮ್ಮ ವ್ಯಾನ್ ಹುಲ್ಲಿನ ಮೇಲೆ ನಿಂತಿತ್ತು. ಹೊರಡುವ ದಿನ ಗೇರ್ ಹಾಕಿದರೆ ಹಿಂದಿನ ಚಕ್ರ ತಿರುಗಲೇ ಇಲ್ಲ. ಹ್ಯಾಂಡ್‌ಬ್ರೇಕ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಹೇಗೋ ಬಿಡಿಸಿ ಗಾಡಿ ಮುಂದೆ ತಂದ ಮೇಲೆ ಆ ಜಾಗ ನೋಡಿದೆ. ನಾಲ್ಕು ಬೆರಳು ಆಳದ ಎರಡು ಗುಂಡಿ, ಅದರಲ್ಲಿ ನೀರು, ಅಂಚಿನಲ್ಲಿ ಬಿಳಿಚಿದ ಹುಲ್ಲು. ಕೆಳಗೆ ಬಗ್ಗಿ ನೋಡಿದರೆ ಡೀಸೆಲ್ ಟ್ಯಾಂಕ್ ಕಟ್ಟಿದ ಪಟ್ಟಿಗಳು ಪೊರೆ ಪೊರೆಯಾಗಿ ಏಳುತ್ತಿದ್ದವು. ಹುಲ್ಲು ರಾತ್ರಿ ಹಗಲು ತೇವ ಬಿಡುತ್ತದೆ. ಗಾಡಿಯ ನೆರಳಿನಲ್ಲಿ ಆ ತೇವ ಆರುವುದೇ ಇಲ್ಲ. ಎರಡು ದಿನಕ್ಕೆ ಪರವಾಗಿಲ್ಲ, ತಿಂಗಳುಗಟ್ಟಲೆ ಬೇಡ.

ಈಗ ಭಾರದ ಲೆಕ್ಕ. 3.5 ಟನ್ ಅಂದಾಕ್ಷಣ ಅದು ನಾಲ್ಕು ಚಕ್ರಕ್ಕೂ ಸಮ ಹಂಚಿಕೊಳ್ಳುವುದಿಲ್ಲ. ಹಿಂದಿನ ಒಂದೊಂದು ಚಕ್ರದ ಮೇಲೆ ಹತ್ತಿರ ಹತ್ತಿರ ಒಂದು ಟನ್ ಬರಬಹುದು. ಟೈರಿನ ಗಾಳಿ 5 ಬಾರ್ ಇದ್ದರೆ ಅದು ನೆಲ ಮುಟ್ಟುವ ಜಾಗ ಸುಮಾರು 200 ಚದರ ಸೆಂಟಿಮೀಟರ್. ನಿಮ್ಮ ಕೈಯನ್ನು ಬೆರಳು ಸಮೇತ ನೆಲಕ್ಕೆ ಇಟ್ಟು ನೋಡಿ, ಅದಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅಷ್ಟು ಜಾಗದಲ್ಲಿ ಒಂದು ಟನ್ ತಿಂಗಳುಗಟ್ಟಲೆ ಅಲ್ಲಾಡದೆ ಕೂತಿರುತ್ತದೆ. ಇದನ್ನು ಹೊರುವುದು ಕಣ್ಣಿಗೆ ಕಾಣುವ ಮೇಲಿನ ಪದರ ಅಲ್ಲ, ಅದರ ಕೆಳಗಿನ ಜಲ್ಲಿ ಹಾಸು. ಜನ ಬಣ್ಣ, ವಿನ್ಯಾಸ ಆರಿಸುವುದರಲ್ಲೇ ವಾರ ಕಳೆಯುತ್ತಾರೆ, ಹಾಸಿನ ಬಗ್ಗೆ ಒಂದು ಮಾತೂ ಕೇಳುವುದಿಲ್ಲ. ನನಗೆ ಬೇಜಾರಾಗುವುದು ಅಲ್ಲೇ.

ನಿಮ್ಮ ಮೇಸ್ತ್ರಿ ಹೇಳಿದ ಇಂಟರ್‌ಲಾಕ್ ಕೆಟ್ಟದ್ದಲ್ಲ. ಆದರೆ ಅಂಗಳಕ್ಕೆ ಹಾಕುವ 60 ಮಿಲಿಮೀಟರ್ ದಪ್ಪದ ಕಲ್ಲು ಬೇಡ, 80 ಮಿಲಿಮೀಟರ್ ದಪ್ಪದ್ದೇ ಬೇಕು. ಸುತ್ತ ಗಟ್ಟಿ ಅಂಚು ಕಟ್ಟಿಸದಿದ್ದರೆ ಕಲ್ಲುಗಳು ಪಕ್ಕಕ್ಕೆ ಸರಿಯುತ್ತವೆ. ಇನ್ನೊಂದು, ಗಾಡಿ ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದರೆ ಟೈರು ಕಲ್ಲನ್ನು ಹಿಡಿದು ತಿರುಚುತ್ತದೆ. ಇಕ್ಕಟ್ಟಾದ ಜಾಗದಲ್ಲಿ ಹಾಗೆ ತಿರುಗಿಸದೆ ಬೇರೆ ದಾರಿ ಇರುವುದಿಲ್ಲ, ಅಲ್ವಾ? ಡಾಂಬರು ಯಾರೂ ಹೇಳಿಲ್ಲ, ಒಳ್ಳೆಯದೇ ಆಯಿತು. ಬಿರುಬಿಸಿಲಿಗೆ ಮೆತ್ತಗಾಗಿ ಟೈರಿನ ಕೆಳಗೆ ತಗ್ಗು ಬೀಳುತ್ತದೆ, ಡೀಸೆಲ್ ತೊಟ್ಟಿಕ್ಕಿದರೆ ಕರಗುತ್ತದೆ.

ಯಜಮಾನರ ಕಾಂಕ್ರೀಟ್ ಗಟ್ಟಿ, ನಿಜ. ಆದರೆ ಜಾಗ ಪೂರ್ತಿ ಮುಚ್ಚಿದರೆ ಮಳೆನೀರೆಲ್ಲ ಒಂದೇ ಕಡೆ ನುಗ್ಗುತ್ತದೆ. ನಿಮ್ಮ ಜಾಗಕ್ಕೆ ನಾನು ಹೇಳುವುದು ಇದು: ಚಕ್ರ ಓಡುವಲ್ಲಿ ಮಾತ್ರ ಎರಡು ಕಾಂಕ್ರೀಟ್ ಪಟ್ಟಿ, ನಡುವೆ ಮತ್ತು ಪಕ್ಕದಲ್ಲಿ ಜಲ್ಲಿ. ಪಟ್ಟಿ ಒಂದೊಂದೂ 90 ಸೆಂಟಿಮೀಟರ್ ಅಗಲ, 150 ಮಿಲಿಮೀಟರ್ ದಪ್ಪ, ಒಳಗೆ ಕಬ್ಬಿಣದ ಜಾಲರಿ. ಮೂರು ಮೀಟರಿಗೊಂದು ಜಾಯಿಂಟ್ ಬಿಡಿಸಿ. ಬಿರುಕು ಬಿಡುವುದಿದ್ದರೆ ಅಲ್ಲೇ ನೇರವಾಗಿ ಬಿಡಲಿ. ಎರಡು ಪಟ್ಟಿಗಳ ನಡುವಿನ ಅಂತರವನ್ನು ಸುಮ್ನೆ ಅಂದಾಜಿನ ಮೇಲೆ ಇಡಬೇಡಿ, ನಿಮ್ಮ ಗಾಡಿಯ ಚಕ್ರಗಳನ್ನೇ ಟೇಪು ಹಿಡಿದು ಅಳೆಯಿರಿ. ಮುಂದಿನದು, ಹಿಂದಿನದು ಎರಡೂ.

ಕೆಳಗಿನ ಕೆಲಸದಲ್ಲಿ ಮಾತ್ರ ರಾಜಿ ಬೇಡ. ಮೆತ್ತಗಿನ ಮಣ್ಣು ತೆಗೆಸಿ. ಮಳೆ ಬಂದ ಮಾರನೇ ದಿನ ಒಂದು ಕಬ್ಬಿಣದ ಸರಳನ್ನು ಕೈಯಲ್ಲೇ ಒತ್ತಿ ನೋಡಿ. ಸಲೀಸಾಗಿ ಇಳಿಯುತ್ತಿದ್ದರೆ ಇನ್ನೂ ಅಗೆಯಬೇಕು. ತಳಕ್ಕೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿಸಿ. ಅದಿಲ್ಲದಿದ್ದರೆ ಜೇಡಿಮಣ್ಣು ಮೇಲೆ ಉಕ್ಕಿ ಜಲ್ಲಿಯನ್ನು ನುಂಗುತ್ತದೆ. ಅದರ ಮೇಲೆ ಪುಡಿ ಬೆರೆತ ಒಡೆದ ಜಲ್ಲಿ, 200 ಮಿಲಿಮೀಟರ್. ಒಂದೇ ಸಲ ಸುರಿದು ಮೇಲೆ ಮೇಲೆ ಬಡಿದರೆ ಅಡಿಯದು ಸಡಿಲವೇ ಉಳಿಯುತ್ತದೆ. ಎರಡು ಪದರ ಮಾಡಿ, ಒಂದೊಂದನ್ನೂ ಸ್ವಲ್ಪ ನೀರು ಚಿಮುಕಿಸಿ ಕಾಂಪ್ಯಾಕ್ಟರ್ (ನೆಲ ಬಡಿದು ಗಟ್ಟಿ ಮಾಡುವ ಯಂತ್ರ) ಓಡಿಸಲಿ. ಆ ಹೊತ್ತಿಗೆ ನೀವೇ ಪಕ್ಕದಲ್ಲಿ ನಿಂತಿರಿ. ಕಾಂಕ್ರೀಟ್ ಬಿದ್ದ ಮೇಲೆ ಯಾರೂ ನೋಡುವ ಹಾಗಿಲ್ಲ. ನಡುವೆ ತುಂಬುವ ಜಲ್ಲಿ ಕೂಡ ಮೂಲೆ ಮೂಲೆಯಾಗಿ ಒಡೆದದ್ದೇ ಆಗಲಿ. ಹೊಳೆಯ ನುಣುಪುಗಲ್ಲು ಚೆಂದ ಕಾಣುತ್ತದೆ, ಆದರೆ ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ, ಕಾಲಿಟ್ಟರೂ ಜಾರುತ್ತದೆ.

ವಾಟ 80ಕ್ಕೆ 1 ಸಾಕು. ಅಂದರೆ ನಿಮ್ಮ 8 ಮೀಟರಿಗೆ 10 ಸೆಂಟಿಮೀಟರ್, ಮನೆಯ ಗೋಡೆಯಿಂದ ಆಚೆಗೆ ಹರಿಯುವಂತೆ. ಅದಕ್ಕಿಂತ ಕಡಿದಾಗಿ ಮಾಡಿಸಬೇಡಿ. ಒಳಗೆ ಗ್ಯಾಸಿನ ಫ್ರಿಜ್ ಇದ್ದರೆ ಗಾಡಿ ತೀರಾ ವಾಲಿದಾಗ ಅದು ತಣ್ಣಗೆ ಮಾಡುವುದಿಲ್ಲ. ಆ ಜಾಗದ ಕೆಳಗೆ ಸಂಪು, ಸೆಪ್ಟಿಕ್ ಟ್ಯಾಂಕ್, ಚೇಂಬರ್ ಏನಾದರೂ ಇದೆಯಾ? ಇದ್ದರೆ ಕೆಲಸ ಶುರು ಮಾಡುವ ಮೊದಲೇ ಒಬ್ಬ ಎಂಜಿನಿಯರಿಗೆ ತೋರಿಸಿ. ಮಾಮೂಲಿ ಮುಚ್ಚಳ ಒಂದು ಟನ್ ತಡೆಯುವುದಿಲ್ಲ, ಇದು ಜೀವದ ಪ್ರಶ್ನೆ.

ಕಾಂಕ್ರೀಟನ್ನು ಕಡೇಪಕ್ಷ 7 ದಿನ ಒದ್ದೆಯಾಗಿಡಿ, ಗಾಡಿಯನ್ನು 28 ದಿನ ಕಳೆದ ಮೇಲೇ ಹತ್ತಿಸಿ. ಆಮೇಲೆ ತಿಂಗಳಿಗೊಮ್ಮೆ ಅರ್ಧ ಚಕ್ರ ಮುಂದೆ ಸರಿಸಿ, ಟೈರು ಒಂದೇ ಕಡೆ ಚಪ್ಪಟೆಯಾಗದಿರಲಿ. ಜಾಸ್ತಿ ದಿನ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರಿನಲ್ಲಿ ಬಿಟ್ಟು ಚಕ್ರದ ಎರಡೂ ಕಡೆ ಅಡೆಗಟ್ಟೆ ಇಡಿ.

ಹಾಂ, ಕಾಂಕ್ರೀಟ್ ಹಾಕುವ ಹಿಂದಿನ ದಿನ ಪಟ್ಟಿಗಳ ಅಡಿಯಲ್ಲಿ ಎರಡು ಖಾಲಿ ಪೈಪ್ ಅಡ್ಡಲಾಗಿ ಹೂಳಿಸಿ. ಒಂದು ಕರೆಂಟಿನ ವೈರಿಗೆ, ಇನ್ನೊಂದು ನೀರಿಗೆ.