ಸೈಲೆನ್ಸ್‌ಗೆ ಪ್ರಾಸ ಸಿಗಲಿಲ್ಲ ಅಂತ ಪದವನ್ನೇ ಬಿಡಬೇಕಾ?

ಇಂಗ್ಲಿಷಿನಲ್ಲಿ ಹಾಡು, ಮಕ್ಕಳ ಪದ್ಯ ಬರೆಯುವವರು ಕಳಿಸುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಅವವೇ. ಉತ್ತರ ಕೊಟ್ಟು ಮುಗಿಯಿತು ಅಂದುಕೊಂಡರೆ ಮುಂದಿನ ಸಲ ಹೊಸ ಹೆಸರಿನಲ್ಲಿ ಅದೇ ಪ್ರಶ್ನೆ ಬಂದು ಕೂತಿರುತ್ತದೆ. ಪ್ರಾಸ ಅಂದರೇನು ಅಂತ ಇಲ್ಲಿ ಪಾಠ ಮಾಡುವುದಿಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ಪ್ರಶ್ನೆ: ನನ್ನ ಇಂಗ್ಲಿಷ್ ಹಾಡಿನ ಮೊದಲ ಸಾಲು 'ಸೈಲೆನ್ಸ್' ಎಂದು ಮುಗಿಯುತ್ತದೆ. ರೈಮ್ ಹುಡುಕುವ ವೆಬ್‌ಸೈಟಿನಲ್ಲಿ ಪರ್ಫೆಕ್ಟ್ ರೈಮ್ ಒಂದೂ ಕೆಲಸಕ್ಕೆ ಬರುವಂಥದ್ದು ಸಿಗಲಿಲ್ಲ. ನಿಯರ್ ರೈಮ್, ಅಂದರೆ ಪೂರ್ತಿ ಹೊಂದದ ಹತ್ತಿರದ ಪ್ರಾಸ, ಕೇಳಿದರೆ ಉದ್ದನೆಯ ಪಟ್ಟಿ ಬಂತು. ಪದ ಬದಲಿಸಿಬಿಡಲಾ?

ಬೇಡ. ಮೊದಲು ಆ ವೆಬ್‌ಸೈಟ್ ಮುಚ್ಚಿ. ಪದವನ್ನು ಬಾಯಿಬಿಟ್ಟು ಹೇಳಿ. ಒತ್ತು, ಅಂದರೆ ದನಿಯ ಜೋರು, ಬೀಳುವುದು 'ಸೈ' ಮೇಲೆ. ಎರಡನೆಯ ತುಂಡು ನಾವು ಹೇಳುವಷ್ಟು ಗಟ್ಟಿ 'ಲೆನ್ಸ್' ಅಲ್ಲ, ಅರ್ಧ ನುಂಗಿದ 'ಲನ್ಸ್'. ಪರ್ಫೆಕ್ಟ್ ರೈಮ್ ಆಗಬೇಕಾದರೆ ಒತ್ತು ಬಿದ್ದ ಸ್ವರದಿಂದ ಪದದ ಕೊನೆಯವರೆಗೆ ಎಲ್ಲವೂ ಒಂದೇ ಇರಬೇಕು, ಆ ಸ್ವರದ ಹಿಂದಿನ ವ್ಯಂಜನ ಮಾತ್ರ ಬೇರೆ ಇರಬೇಕು. ಅಂದರೆ ನಿಮ್ಮ ಕೈಯಲ್ಲಿ ಉಳಿಯುವುದು 'ಐಲನ್ಸ್'. ಇದರ ಮುಂದೆ ಒಂದೊಂದೇ ವ್ಯಂಜನ ಇಟ್ಟು ನೋಡಿ. ಬೈಲನ್ಸ್, ಡೈಲನ್ಸ್, ಮೈಲನ್ಸ್, ಟ್ರೈಲನ್ಸ್. ದಿನಬಳಕೆಯ ಪದ ಒಂದೂ ಇಲ್ಲ. ವೆಬ್‌ಸೈಟ್ ಕೈಚೆಲ್ಲಿದ್ದು ಅದಕ್ಕೇ.

ಈಗ ಎಲ್ಲಿ ಸಡಿಲ ಮಾಡುತ್ತೀರಿ ಅನ್ನುವುದೇ ಪ್ರಶ್ನೆ. ನಡುವಿನ 'ಲ' ಬಿಟ್ಟುಕೊಟ್ಟರೆ 'ಸೈಯನ್ಸ್', 'ಡಿಫಯನ್ಸ್', 'ಅಲಯನ್ಸ್' ಬರುತ್ತವೆ. 'ಲ' ಬದಲು ಇನ್ನೊಂದು ವ್ಯಂಜನ ಸಾಕು ಅಂದರೆ 'ಗೈಡನ್ಸ್', 'ಲೈಸನ್ಸ್'. ಕೊನೆಯನ್ನು ಕೊಂಚ ಕದಲಿಸಿದರೆ 'ಐಲಂಡ್ಸ್'. ಒಂದು ಉಸಿರು ಜಾಸ್ತಿಯಾದರೂ ಪರವಾಗಿಲ್ಲ ಅಂದರೆ 'ವಯಲೆನ್ಸ್'. ಇದು ಎಲ್ಲರ ಕೈಗೂ ಮೊದಲು ಸಿಗುವ ಜೋಡಿ, ಆದ್ದರಿಂದಲೇ ನನಗೆ ಬೇಸರ. ನನ್ನ ಕೈಗೆ ಕೊಟ್ಟರೆ 'ಐಲಂಡ್ಸ್' ಇಟ್ಟುಕೊಳ್ಳುತ್ತೇನೆ. ಮಾತು ಬಿಟ್ಟ ಇಬ್ಬರು ಒಂದೇ ಕೋಣೆಯಲ್ಲಿ ಎರಡು ದ್ವೀಪಗಳಾಗಿ ಕೂತಿದ್ದಾರೆ. ಪ್ರಾಸದ ಜೊತೆ ಚಿತ್ರವೂ ಬಂತು, ಅಲ್ವಾ?

ಗಮನಿಸಿ, ಇಷ್ಟೂ ಪದಗಳಲ್ಲಿ ನಾನು ಮುಟ್ಟದೇ ಬಿಟ್ಟಿದ್ದು 'ಐ' ಸ್ವರವನ್ನು. ಕನ್ನಡದವರು ಎಡವುವುದು ಇಲ್ಲೇ. ನಮ್ಮ ಆದಿಪ್ರಾಸದಲ್ಲಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇದ್ದರಾಯಿತು, ಅದರ ಸ್ವರ ಬೇರೆಯಾದರೂ ನಡೆಯುತ್ತದೆ. ಇಂಗ್ಲಿಷ್ ಹಾಡಿನ ನಿಯರ್ ರೈಮ್ ಇದಕ್ಕೆ ಉಲ್ಟಾ. ಸ್ವರ ಹಿಡಿದುಕೊಳ್ಳಿ, ವ್ಯಂಜನ ಸಡಿಲ ಬಿಡಿ. ಹಾಡುವವರು ಎಳೆಯುವುದು ಸ್ವರವನ್ನು. ಕೊನೆಯ ವ್ಯಂಜನ ಬಂದು ಹೋಗಿದ್ದೂ ಗೊತ್ತಾಗುವುದಿಲ್ಲ. ಹಾಗಂತ ಯಾವ ವ್ಯಂಜನವನ್ನಾದರೂ ಹಾಕಬಹುದು ಅಂತಲ್ಲ. ಅದರ ನೆಂಟರನ್ನು ಹಾಕಿ. 'ಟ್' ಜಾಗಕ್ಕೆ 'ಡ್', 'ಫ್' ಜಾಗಕ್ಕೆ 'ವ್', 'ಮ್' ಜಾಗಕ್ಕೆ 'ನ್'. 'ಟೈಮ್' ಮತ್ತು 'ಲೈನ್' ಕೂಡಿ ಬಾಳುತ್ತವೆ. 'ಟೈಮ್' ಮತ್ತು 'ಲೈಟ್' ಜಗಳ ಆಡುತ್ತವೆ.

ಇನ್ನೊಂದು ಗುಂಡಿ ಇದೆ. ದಯವಿಟ್ಟು ಇಂಗ್ಲಿಷ್ ಪದವನ್ನು ಕನ್ನಡದಲ್ಲಿ ಬರೆದುಕೊಂಡು ಪ್ರಾಸ ಹುಡುಕಬೇಡಿ. ಮಂಜುಗಡ್ಡೆಯೂ 'ಐಸ್', ಕಣ್ಣುಗಳೂ 'ಐಸ್'. ಬೆಲೆಯೂ 'ಪ್ರೈಸ್', ಬಹುಮಾನವೂ 'ಪ್ರೈಸ್'. ಇಂಗ್ಲಿಷಿನಲ್ಲಿ ಎರಡೆರಡೂ ಬೇರೆ. ಗಂಟಲಿನ ಮೇಲೆ ಬೆರಳಿಟ್ಟು ಹೇಳಿ. ಕಣ್ಣುಗಳಲ್ಲಿ, ಬಹುಮಾನದಲ್ಲಿ ಕೊನೆಯ ಸದ್ದಿಗೂ ಗಂಟಲು ಗುಂಯ್ ಅನ್ನುತ್ತದೆ. ಮಂಜುಗಡ್ಡೆಯಲ್ಲಿ, ಬೆಲೆಯಲ್ಲಿ ಸುಮ್ಮನಾಗುತ್ತದೆ. 'ಲಾಸ್' ಮತ್ತು 'ಗ್ಲಾಸ್' ಕನ್ನಡ ಲಿಪಿಯಲ್ಲಿ ಅಣ್ಣತಮ್ಮ. ಬ್ರಿಟಿಷರ ಬಾಯಲ್ಲಿ 'ಲಾಸ್' ದುಂಡು ತುಟಿಯ ಗಿಡ್ಡ ಸದ್ದು, 'ಗ್ಲಾಸ್' ಉದ್ದನೆಯ 'ಆ'. ಅಮೆರಿಕನ್ನರು ಅದನ್ನು 'ಗ್ಲ್ಯಾಸ್' ಅನ್ನುತ್ತಾರೆ. ಎಲ್ಲಿ ಬಂತು ಪ್ರಾಸ?

ನಾನೂ ಬಿದ್ದವನೇ. ಶುರುವಿನ ದಿನಗಳಲ್ಲಿ ಒಂದು ತಮಾಷೆ ಹಾಡಿಗೆ 'ಆಫೀಸ್' ಮತ್ತು 'ಪೊಲೀಸ್' ಜೋಡಿಸಿ ಬೀಗಿದ್ದೆ. ಇಂಗ್ಲಿಷ್ ಮನೆಮಾತಿನ ಹಾಡುಗಾರ್ತಿ ಆ ಸಾಲಿಗೆ ಬಂದು ನಿಂತೇಬಿಟ್ಟರು. 'ಪೊಲೀಸ್'ನಲ್ಲಿ ಒತ್ತು ಎರಡನೇ ತುಂಡಿನ ಮೇಲೆ, 'ಲೀಸ್' ಉದ್ದ. ಅದು 'ಪೀಸ್' ಜೊತೆ ಪ್ರಾಸ. 'ಆಫೀಸ್' ಅವರಿಗೆ 'ಆಫಿಸ್'. ಒತ್ತು ಮೊದಲಿಗೇ ಮುಗಿದು, ಕೊನೆಯದು ಗಿಡ್ಡವಾಗಿ ಸತ್ತುಹೋಗುತ್ತದೆ. ರಾಗಕ್ಕೆ ಹೊಂದಿಸಲು ಅವರು 'ಆಫೀಈಸ್' ಅಂತ ಎಳೆದಾಗ ರೆಕಾರ್ಡಿಂಗ್ ಕೋಣೆಯಲ್ಲಿ ನಗದೇ ಇದ್ದವನು ನಾನೊಬ್ಬನೇ. ಅಂದಿನಿಂದ ಒತ್ತು ಎಲ್ಲಿ ಬೀಳುತ್ತದೆ ಎಂದು ಡಿಕ್ಷನರಿಯಲ್ಲಿ ನೋಡದೆ ಸಾಲು ಮುಗಿಸುವುದಿಲ್ಲ. ಇದನ್ನು ಅತಿ ಅನ್ನುವವರು ಅನ್ನಲಿ.

ಕೊನೆಗೊಂದು ಕೈಚಳಕ. 'ಸೈಲೆನ್ಸ್' ನಿಮಗೆ ಬೇಕೇಬೇಕಾದ ಪದ ತಾನೇ? ಹಾಗಾದರೆ ಅದನ್ನು ಮೊದಲ ಸಾಲಿನಿಂದ ತೆಗೆದು ಎರಡನೆಯದರ ಕೊನೆಗೆ ಇಡಿ. ಹುಡುಕಿ ತಂದ 'ಐಲಂಡ್ಸ್' ಮೊದಲ ಸಾಲಿಗೆ ಹೋಗಲಿ. ಮೊದಲು ಬಂದ ಪದ ಪ್ರಾಸಕ್ಕಾಗಿ ಬಂದಿದ್ದು ಅಂತ ಯಾರಿಗೂ ಅನುಮಾನ ಬರುವುದಿಲ್ಲ. ಅನುಮಾನ ಬರುವುದು ಯಾವಾಗಲೂ ಎರಡನೆಯದರ ಮೇಲೆ. ಅಲ್ಲಿ ಸಹಜವಾದ ಪದ ಕೂತಿದ್ದರೆ ಪ್ರಾಸ ತಾನಾಗಿ ಬಿದ್ದಂತೆ ಕೇಳಿಸುತ್ತದೆ.

ಪ್ರಶ್ನೆ: ಒಂದು ಆ್ಯಪ್ ಪ್ರಾಸ ಅನ್ನುತ್ತದೆ, ನನ್ನ ಟೀಚರ್ ಅಲ್ಲ ಅನ್ನುತ್ತಾರೆ. ಯಾರನ್ನು ನಂಬಲಿ?

ಇಬ್ಬರೂ ಸರಿ ಇರಬಹುದು. ಇಂಥ ಎಷ್ಟೋ ತಂತ್ರಾಂಶಗಳ ಹಿಂದೆ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಉಚ್ಚಾರಣಾ ಡಿಕ್ಷನರಿ ಇರುತ್ತದೆ. ಅದರಲ್ಲಿ 1,34,000ಕ್ಕೂ ಹೆಚ್ಚು ಪದಗಳಿವೆ. ಪ್ರತಿ ಪದವನ್ನೂ 39 ಧ್ವನಿಗಳಲ್ಲಿ ಬಿಡಿಸಿ, ಒತ್ತು ಎಲ್ಲಿದೆ ಎಂದು ಸ್ವರದ ಪಕ್ಕದಲ್ಲಿ ಅಂಕಿ ಹಾಕಿದ್ದಾರೆ. ಒಳ್ಳೆಯ ಕೆಲಸವೇ. ಆದರೆ ಆ ಉಚ್ಚಾರ ಉತ್ತರ ಅಮೆರಿಕದ್ದು. ಹಿಡಿದ ಎಂಬ ಅರ್ಥದ 'ಕಾಟ್' ಮತ್ತು ನ್ಯಾಯಾಲಯದ 'ಕೋರ್ಟ್' ಲಂಡನ್ನಿನ ಶಿಷ್ಟ ಉಚ್ಚಾರದಲ್ಲಿ ಒಂದೇ ಸದ್ದು. ಅಮೆರಿಕದಲ್ಲಿ ನಡುವಿನ 'ರ್' ಗಟ್ಟಿಯಾಗಿ ಕೇಳುತ್ತದೆ. ಹಾಡುವವರು ಎಲ್ಲಿಯವರು ಅಂತ ಮೊದಲು ಕೇಳಿಕೊಳ್ಳಿ.

ಪ್ರಶ್ನೆ: ಕೊನೆಯ ಮೂರ್ನಾಲ್ಕು ಅಕ್ಷರ ಒಂದೇ ಇದ್ದರೆ ಪ್ರಾಸ ತಾನೇ?

ಅಲ್ಲ, ಅಲ್ಲ, ಅಲ್ಲ. ಓ-ಯು-ಜಿ-ಎಚ್ ಎಂದು ಮುಗಿಯುವ ಪದಗಳನ್ನೇ ನೋಡಿ. ಟಫ್, ಕಾಫ್, ದೋ, ಥ್ರೂ, ಬೌ. ಐದು ಪದ, ಐದು ಸದ್ದು. 'ಲವ್' ಮತ್ತು 'ಮೂವ್' ಕಣ್ಣಿಗೆ ಮಾತ್ರ ಪ್ರಾಸ. 1775ರಲ್ಲಿ ಜಾನ್ ವಾಕರ್ ಪದಗಳನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ ಜೋಡಿಸಿ ಡಿಕ್ಷನರಿ ಮಾಡಿದ್ದರು. ಅದರಲ್ಲೂ ಸ್ಪೆಲಿಂಗ್ ನೋಡಿ ಅಕ್ಕಪಕ್ಕ ಕೂರಿಸಿದ ಪದಗಳನ್ನು ಕಿವಿಯಿಂದಲೇ ಆರಿಸಿಕೊಳ್ಳಬೇಕು. 'ಬ್ರೇನ್', 'ಕ್ರೇನ್', 'ರೇನ್' ಮೂರರ ಸ್ಪೆಲಿಂಗ್ ಬರೆದು ನೋಡಿ. 'ಕ್ರೇನ್' ಬೇರೆ ದಾರಿ ಹಿಡಿದಿದೆ, ಪ್ರಾಸ ಮಾತ್ರ ಪಕ್ಕಾ.

ಪ್ರಶ್ನೆ: ನಿಯರ್ ರೈಮ್ ಬಳಸಿದರೆ ಮೋಸ ಅಲ್ಲವೇ?

ಪರ್ಫೆಕ್ಟ್ ರೈಮ್‌ಗೋಸ್ಕರ ಅರ್ಥ ಕೆಡಿಸುವುದು ಮೋಸ.

ಪ್ರಶ್ನೆ: ಹತ್ತು ಸಾವಿರ ರೈಮ್‌ಗಳ ಪಿಡಿಎಫ್, ಜೊತೆಗೆ ಒಂದು ವಾರದ ಕೋರ್ಸ್ ಮಾರುತ್ತಿದ್ದಾರೆ. ತಗೊಳ್ಳಲಾ?

ಯಾರೋ ಕಳಿಸಿದ ಅದರ ಮಾದರಿ ಪುಟ ನೋಡಿದೆ. ಮೂರನೇ ಸಾಲಿನಲ್ಲೇ 'ಹೋಟೆಲ್' ಮತ್ತು 'ಬಾಟಲ್' ಪರ್ಫೆಕ್ಟ್ ರೈಮ್ ಅಂತ ಇದೆ. ಇಂಗ್ಲಿಷಿನಲ್ಲಿ 'ಹೋಟೆಲ್' ಒತ್ತು 'ಟೆಲ್' ಮೇಲೆ, ಅದಕ್ಕೆ ಜೋಡಿ 'ಬೆಲ್'. 'ಬಾಟಲ್' ಒತ್ತು ಮೊದಲ ತುಂಡಿಗೆ. ಕಿವಿ ಇಲ್ಲದವರು ಪಾಠ ಹೇಳಿದರೆ ಹೀಗೇ ಆಗುವುದು. ದುಡ್ಡು ಉಳಿಸಿ.

ಪ್ರಶ್ನೆ: ಸಮುದ್ರದ 'ಸೀ'ಗೂ ನೋಡುವ 'ಸೀ'ಗೂ ಪ್ರಾಸ ಹಾಕಬಹುದಾ?

ಅದು ಒಂದೇ ಸದ್ದು ಎರಡು ಸಲ. ಹಿಂದಿನ ವ್ಯಂಜನ ಬೇರೆ ಇರಬೇಕು ಅಂತ ಮೇಲೇ ಹೇಳಿದೆ.

ಪ್ರಶ್ನೆ: 'ಆರೆಂಜ್'ಗೆ, 'ಸಿಲ್ವರ್'ಗೆ ಪ್ರಾಸವೇ ಇಲ್ಲವಂತೆ, ನಿಜವಾ?

ವೇಲ್ಸ್‌ನಲ್ಲಿ 'ಬ್ಲಾರೆಂಜ್' ಎಂಬ ಬೆಟ್ಟ ಇದೆ, ಹೆಣ್ಣು ಕುರಿಮರಿಗೆ 'ಚಿಲ್ವರ್' ಎಂಬ ಹಳೆಯ ಪದವೂ ಇದೆ. ನಿಮ್ಮ ಪ್ರೇಮಗೀತೆಯಲ್ಲಿ ಕುರಿಮರಿಯನ್ನು ಎಲ್ಲಿ ಕಟ್ಟುತ್ತೀರೋ ನೀವೇ ನೋಡಿಕೊಳ್ಳಿ.